ಬ್ರೆಕ್ಸಿಟ್ ಜನಮತಗಣನೆಯ ಮರುದಿನ ಕೇಳಿಬಂದ ಪಶ್ಚಾತ್ತಾಪ ನಿಜವಾದದ್ದೇ?

ಕುತೂಹಲಿ (ಪ್ರಶ್ನೆ):

2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ನಡೆದ ಜನಮತಗಣನೆಯ ವಿಚಾರದಲ್ಲಿ ಒಂದು ಸಂಗತಿ ನನಗೆ ಬಗೆಹರಿದಿಲ್ಲ. ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದು 1,74,10,742 ಮಂದಿಯೂ ಉಳಿಯಬೇಕೆಂದು 1,61,41,241 ಮಂದಿಯೂ ಮತ ಹಾಕಿದರು. ಆದರೆ ಆ ವಾರದ ಸುದ್ದಿಗಳನ್ನು ಓದಿದರೆ ಗೆದ್ದವರೇ ಬೆಚ್ಚಿಬಿದ್ದು ಮತ ಹಾಕಿದ ಕೈಯನ್ನು ಶಪಿಸಿಕೊಳ್ಳುತ್ತಿದ್ದಂತೆ ಕಾಣುತ್ತದೆ. ಮತ್ತೊಮ್ಮೆ ಜನಮತಗಣನೆ ನಡೆಸಬೇಕೆಂಬ ಮನವಿಗೆ 41 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು, ಬ್ರೆಕ್ಸಿಟ್ ಜೊತೆ ಪಶ್ಚಾತ್ತಾಪ ಎಂಬರ್ಥದ ‘ರಿಗ್ರೆಟ್’ ಸೇರಿಸಿದ ‘ಬ್ರೆಗ್ರೆಟ್’ ಎಂಬ ಪದವೇ ಹುಟ್ಟಿಕೊಂಡಿತು, ಒಕ್ಕೂಟವೆಂದರೆ ಏನೆಂದು ಜನ ಫಲಿತಾಂಶ ಬಂದ ಮೇಲೆ ಗೂಗಲ್‌ನಲ್ಲಿ ಹುಡುಕಿದರೆಂದು ಪತ್ರಿಕೆಗಳು ನಕ್ಕವು. ಅಷ್ಟು ಜನ ನಿಜವಾಗಿ ಪರಿತಪಿಸಿದ್ದರೆ ಆ ನಿರ್ಧಾರ ಏಕೆ ಹಿಂದಕ್ಕೆ ತಿರುಗಲಿಲ್ಲ? ಆ ಕಾಲವನ್ನು ಹತ್ತಿರದಿಂದ ಕಂಡವರು ತಿಳಿಸಬೇಕಾಗಿ ವಿನಂತಿ.

ಲೆಕ್ಕಿಗ:

ಮೊದಲು ಆ ಮನವಿಯ ಕಥೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದರಷ್ಟು ತಪ್ಪಾಗಿ ಅರ್ಥೈಸಿಕೊಂಡ ದಾಖಲೆ ಆ ವಾರದಲ್ಲಿ ಇನ್ನೊಂದಿಲ್ಲ. ಅದನ್ನು ಸಂಸತ್ತಿನ ಜಾಲತಾಣದಲ್ಲಿ ಹಾಕಿದ್ದು ಫಲಿತಾಂಶ ಬಂದ ಮೇಲಲ್ಲ, ಮತದಾನಕ್ಕೆ ಮೊದಲೇ. ಹಾಕಿದವರು ತೊರೆಯುವ ಬಣದ ಬೆಂಬಲಿಗರೊಬ್ಬರು. ತಮ್ಮ ಕಡೆ ಸೋಲುತ್ತದೆಂದು ನಂಬಿದ್ದ ಅವರು, ಮತದಾನ ಶೇ 75ಕ್ಕಿಂತ ಕಡಿಮೆಯಾಗಿ, ಗೆದ್ದವರಿಗೆ ಶೇ 60ರಷ್ಟು ಮತ ಬಾರದಿದ್ದರೆ ಮತ್ತೊಮ್ಮೆ ಜನರ ಬಳಿಗೆ ಹೋಗಬೇಕೆಂದು ಕೇಳಿದ್ದರು. ಮತದಾನ ಶೇ 72.2 ಆಯಿತು, ತೊರೆಯುವವರು ಶೇ 51.9 ಪಡೆದು ಗೆದ್ದರು. ಒಂದೇ ರಾತ್ರಿಯಲ್ಲಿ ಆ ಅಸ್ತ್ರ ಎದುರಾಳಿಗಳ ಕೈಸೇರಿತು.

ಇನ್ನು ಸಹಿಗಳ ಲೆಕ್ಕ. ಅನುಮಾನಾಸ್ಪದವೆಂದು ಸುಮಾರು 77,000 ಸಹಿಗಳನ್ನು ಸಂಸದೀಯ ಸಮಿತಿ ಕಿತ್ತುಹಾಕಿತು, ಆದರೆ ಅದು ದೊಡ್ಡ ವಿಷಯವಲ್ಲ. ಉಳಿಯಬೇಕೆಂದು ಮತ ಹಾಕಿದವರೇ 1.61 ಕೋಟಿ ಮಂದಿ ಇದ್ದಾಗ, ಅವರಲ್ಲಿ ನಾಲ್ವರಿಗೊಬ್ಬರು ಸಹಿ ಮಾಡಿದರೆ 40 ಲಕ್ಷವಾಗುತ್ತದೆ. ಮನಸ್ಸು ಬದಲಿಸಿದವನೊಬ್ಬನೂ ಬೇಕಾಗಿಲ್ಲ. ಸಹಿಗಳು ದಟ್ಟವಾಗಿ ಬಂದದ್ದು ಕೂಡ ಲಂಡನ್, ಬ್ರೈಟನ್, ಬ್ರಿಸ್ಟಲ್‌ನಂಥ, ಉಳಿಯಬೇಕೆಂದೇ ಮತ ಹಾಕಿದ್ದ ಊರುಗಳಿಂದ. ಗೂಗಲ್ ಸುದ್ದಿಯೂ ಅಷ್ಟೇ: ಹುಡುಕಾಟ ಎಷ್ಟು ಪಟ್ಟು ಏರಿತೆಂಬುದನ್ನು ಅದು ತೋರಿಸುತ್ತದೆಯೇ ಹೊರತು ಹುಡುಕಿದವರು ಎಷ್ಟು ಮಂದಿ, ಅವರು ಮತ ಹಾಕಿದ್ದರೇ ಇಲ್ಲವೇ, ಶಾಲೆಯ ಮಕ್ಕಳೇ ಎಂಬುದನ್ನಲ್ಲ. ಆ ವಾರ ನಾವು ಗೆದ್ದವರ ಪಶ್ಚಾತ್ತಾಪವೆಂದು ಓದಿದ್ದರಲ್ಲಿ ಬಹುಪಾಲು ಸೋತವರ ಸಂಕಟವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ವೇರ್‌ತೀರ:

ನಾನು ಆಗ ಇಂಗ್ಲೆಂಡಿನ ಈಶಾನ್ಯದಲ್ಲಿರುವ ಸಂಡರ್‌ಲೆಂಡಿನಲ್ಲಿದ್ದೆ, ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಫಲಿತಾಂಶವನ್ನು ಮೊದಮೊದಲು ಘೋಷಿಸಿದ ಊರುಗಳಲ್ಲಿ ಅದೂ ಒಂದು: ತೊರೆಯುವವರಿಗೆ ಶೇ 61.3. ಊರಿನ ಸಾವಿರಾರು ಮಂದಿಗೆ ಕೆಲಸ ಕೊಟ್ಟಿರುವ ನಿಸ್ಸಾನ್ ಕಾರ್ಖಾನೆ ಯುರೋಪಿಗೆ ಕಾರು ಕಳಿಸಿಯೇ ಬದುಕುವಂಥದ್ದಾದ್ದರಿಂದ ಹೊರಗಿನವರಿಗೆ ಅದು ಹುಚ್ಚುತನವಾಗಿ ಕಂಡಿತು. ಆದರೆ ಅಲ್ಲಿಯ ಹಿರಿಯರ ಮಾತು ಕಾರ್ಖಾನೆಯಿಂದ ಶುರುವಾಗುತ್ತಿರಲಿಲ್ಲ. 1988ರಲ್ಲಿ ಮುಚ್ಚಿದ ಹಡಗುಕಟ್ಟೆಗಳಿಂದ ಶುರುವಾಗುತ್ತಿತ್ತು.

ನಾನು ಬಾಡಿಗೆಗಿದ್ದ ಮನೆಯ ಒಡತಿಯೂ ಹಡಗುಕಟ್ಟೆಯ ಕುಟುಂಬದವರು. ಮತದಾನದ ಬೆಳಿಗ್ಗೆ ಅವರು ಕೈಚೀಲದಲ್ಲಿ ಒಂದು ಬಾಲ್‌ಪೆನ್ ಹಾಕಿಕೊಂಡರು. ಬ್ರಿಟನ್ನಿನ ಮತಗಟ್ಟೆಗಳಲ್ಲಿ ದಾರದಿಂದ ಕಟ್ಟಿದ ಮೊಂಡು ಪೆನ್ಸಿಲ್ ಇರುತ್ತದೆ. ಆ ಗುರುತನ್ನು ರಾತ್ರಿ ಅಳಿಸಿಬಿಡುತ್ತಾರೆ, ಪೆನ್ ಒಯ್ಯಿರಿ ಎಂಬ ಗಾಳಿಸುದ್ದಿ ಆ ದಿನಗಳಲ್ಲಿ ಎಲ್ಲೆಡೆ ಹಬ್ಬಿತ್ತು. ನಾನು ನಕ್ಕೆ, ಅವರು ನಗಲಿಲ್ಲ. ಮೂರು ದಿನಗಳ ಬಳಿಕ ಟಿವಿಯಲ್ಲಿ ಮನವಿಯ ಸಹಿಗಳ ಸಂಖ್ಯೆ ಏರುವುದನ್ನು ತೋರಿಸುತ್ತಿದ್ದಾಗ ಅವರು ನನ್ನ ಕಡೆ ತಿರುಗಿ, ‘ನೋಡು, ಪೆನ್ನಿನಲ್ಲಿ ಬರೆದದ್ದನ್ನೂ ಅಳಿಸಲು ಹೊರಟಿದ್ದಾರೆ’ ಎಂದರು. ಲಂಡನ್ನಿನ ಪತ್ರಿಕೆಗಳು ಪಶ್ಚಾತ್ತಾಪವನ್ನು ವರದಿ ಮಾಡುತ್ತಿದ್ದ ದಿನವೇ ಆ ಅಡುಗೆಮನೆಯಲ್ಲಿ ನಾನು ಕಂಡದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು. ಇನ್ನೂ ಸ್ವಲ್ಪ ಅಳುಕಿದ್ದ ಮನಸ್ಸನ್ನು ಆ ಮನವಿಯೇ ಗಟ್ಟಿ ಮಾಡಿತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಕಾಮನ್‌ವೆಲ್ತ್ ದೇಶದ ಪ್ರಜೆಯೆಂಬ ಕಾರಣಕ್ಕೆ, ಆ ದೇಶಕ್ಕೆ ಬಂದು ಮೂರೇ ವರ್ಷವಾಗಿದ್ದ ನನಗೆ ಮತವಿತ್ತು. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ, 2005ರಿಂದ ಅಲ್ಲೇ ನೆಲೆಸಿದ್ದ ಪೋಲೆಂಡಿನ ಸಹೋದ್ಯೋಗಿಗೆ ಮತವಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಯಾರೂ ಆಕೆಯ ಮುಖ ನೋಡಿ ಮಾತಾಡಲಿಲ್ಲ. ಕಪ್ಪುಗಳನ್ನು ತೊಳೆಯುವ ಸದ್ದು ಮಾತ್ರ ಇತ್ತು. ಕೊನೆಗೆ ಆಕೆಯೇ ನನ್ನನ್ನು ಕೇಳಿದರು, ನೀನು ಯಾವ ಕಡೆ ಹಾಕಿದೆ ಎಂದಲ್ಲ, ಹಾಕಲು ಹೋಗಿದ್ದೆಯಾ ಎಂದು. ನಾನು ಹೋಗಿರಲಿಲ್ಲ. ಇದು ನಮ್ಮ ಜಗಳವಲ್ಲ ಎಂದುಕೊಂಡು ಮನೆಯಲ್ಲೇ ಉಳಿದಿದ್ದೆ. ಪಶ್ಚಾತ್ತಾಪದ ಬಗ್ಗೆ ಕೇಳುತ್ತೀರಾದರೆ, ಮತ ಹಾಕಿದವರಿಗಿಂತ ಹಾಕದವರಲ್ಲಿ ಅದು ಹೆಚ್ಚಾಗಿತ್ತೆಂದು ನನ್ನ ಅನುಭವದ ಮೇಲೆ ಹೇಳಬಲ್ಲೆ.

ತಕರಾರು:

ಮೇಲಿನ ಇಬ್ಬರೂ ಹೇಳಿದ ಸಂಗತಿಗಳನ್ನು ಒಪ್ಪುತ್ತೇನೆ, ಆದರೆ ಸೋತವರ ಸಂಕಟವೆಂದು ಒಂದು ಚೀಟಿ ಅಂಟಿಸಿ ಎಲ್ಲವನ್ನೂ ಅಟ್ಟಕ್ಕೆ ಹಾಕುವುದನ್ನು ಒಪ್ಪಲಾರೆ. ಆ ಕಳವಳಕ್ಕೆ ಗಟ್ಟಿಯಾದ ಕಾರಣಗಳಿದ್ದವು. ಸ್ಕಾಟ್ಲೆಂಡಿನ 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಂದೂ ತೊರೆಯುವ ಪರವಾಗಿರಲಿಲ್ಲ. ಅಲ್ಲಿ ಶೇ 62, ಉತ್ತರ ಐರ್ಲೆಂಡಿನಲ್ಲಿ ಶೇ 55.8 ಮಂದಿ ಉಳಿಯಬೇಕೆಂದಿದ್ದರು. ಒಕ್ಕೂಟದೊಳಗೇ ಉಳಿಯುವ ಐರ್ಲೆಂಡ್ ಗಣರಾಜ್ಯಕ್ಕೂ ಉತ್ತರ ಐರ್ಲೆಂಡಿಗೂ ನಡುವಿನ ಗಡಿಯಲ್ಲಿ ಮತ್ತೆ ತಪಾಸಣೆಯ ಚೌಕಿಗಳು ಏಳಬಹುದೇ ಎಂದು ಅಂಜಿದವರನ್ನು ಸೋತು ಗೋಳಾಡುವವರೆಂದು ಕರೆಯುವುದು ನ್ಯಾಯವಲ್ಲ. ಪೌಂಡಿನ ಬೆಲೆ ಒಂದೇ ರಾತ್ರಿಯಲ್ಲಿ ಸುಮಾರು 1.50 ಡಾಲರಿನಿಂದ 1.33ಕ್ಕಿಂತ ಕೆಳಗೆ, 1985ರ ನಂತರದ ತಳಕ್ಕೆ ಕುಸಿಯಿತು. ಅದೇ ಬೆಳಿಗ್ಗೆ ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಜುಲೈ ತಿಂಗಳು ದಾಖಲಾದ ಜನಾಂಗೀಯ ಹಾಗೂ ಧಾರ್ಮಿಕ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ 41 ಹೆಚ್ಚಾಗಿದ್ದವು. ನೀವು ನಮ್ಮೊಂದಿಗೆ ಸುರಕ್ಷಿತ ಎಂದು ವಲಸಿಗರಿಗೆ ಸೂಚಿಸಲು ಜನ ಅಂಗಿಯ ಮೇಲೆ ಸೇಫ್ಟಿ ಪಿನ್ ಸಿಕ್ಕಿಸಿಕೊಂಡು ಓಡಾಡಿದ್ದು ಸುಮ್ಮನೆ ಅಲ್ಲ.

ನಿಯಮದ ತಕರಾರು ಇನ್ನೊಂದಿದೆ. 2015ರ ಕಾಯ್ದೆಯ ಪ್ರಕಾರ ಈ ಜನಮತಗಣನೆ ಕೇವಲ ಸಲಹೆಯ ಸ್ವರೂಪದ್ದು; ಕನಿಷ್ಠ ಇಷ್ಟು ಮತ ಬೇಕೆಂಬ ಷರತ್ತೂ ಅದರಲ್ಲಿರಲಿಲ್ಲ. ಇದೇ ದೇಶ 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಕೇಳಿದಾಗ, ಒಟ್ಟು ಮತದಾರರಲ್ಲಿ ಶೇ 40 ಮಂದಿಯಾದರೂ ಒಪ್ಪಬೇಕೆಂದು ಕಟ್ಟಳೆ ಮಾಡಿ, ಮತ ಹಾಕಿದವರಲ್ಲಿ ಶೇ 51.6 ಮಂದಿ ಹೌದೆಂದರೂ ಅದನ್ನು ಬಿಟ್ಟುಬಿಟ್ಟಿತ್ತು. ಅಂದು ಸಾಲದಿದ್ದದ್ದು ಇಂದು ಹೇಗೆ ಸಾಕಾಯಿತು ಎಂಬ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮತಚೀಟಿಯಲ್ಲಿ ಉಳಿಯಬೇಕೇ ತೊರೆಯಬೇಕೇ ಎಂದಷ್ಟೇ ಇತ್ತು. ಸರಕು, ಸೇವೆ, ಜನ ಅಡೆತಡೆಯಿಲ್ಲದೆ ಓಡಾಡುವ ಏಕ ಮಾರುಕಟ್ಟೆಯನ್ನು ಬಿಡಬೇಕೇ, ಸದಸ್ಯರ ನಡುವೆ ಸುಂಕವಿಲ್ಲದ ಸುಂಕ ಒಕ್ಕೂಟವನ್ನು ಬಿಡಬೇಕೇ, ಯಾವ ದಾರಿಯಲ್ಲಿ ತೊರೆಯಬೇಕು ಎಂಬುದೊಂದೂ ಇರಲಿಲ್ಲ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ, ಅದನ್ನು ಸರ್ಕಾರಿ ಆರೋಗ್ಯ ಸೇವೆಗೆ ಕೊಡೋಣವೆಂದು ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ತಿರುಗಿದ ಪ್ರಚಾರವನ್ನು ಫಲಿತಾಂಶದ ಬೆಳಿಗ್ಗೆಯೇ ತೊರೆಯುವ ಪರದ ನಾಯಕ ನೈಜೆಲ್ ಫರಾಜ್ ಟಿವಿಯಲ್ಲಿ ತಪ್ಪೆಂದು ಕೈತೊಳೆದುಕೊಂಡರು. (ಆ ಬಸ್ಸು ಅವರ ಬಣದ್ದಲ್ಲವೆಂಬುದು ನಿಜ, ಆದರೆ ಮತದಾನದ ಹಿಂದಿನ ದಿನ ಆ ಮಾತನ್ನು ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.)

ಕುತೂಹಲಿ:

ಮೂವರಿಗೂ ಧನ್ಯವಾದಗಳು. ಹಾಗಿದ್ದರೆ ನಂತರದ ವರ್ಷಗಳಲ್ಲಾದರೂ ಜನರ ಮನಸ್ಸು ಬದಲಾಯಿತೇ? ವೇರ್‌ತೀರ ಅವರೇ, ಆ ಮನೆಯೊಡತಿ ಬದಲಾದರೇ?

ಲೆಕ್ಕಿಗ:

ಬದಲಾಗತೊಡಗಿತು, ಆದರೆ ನಿಧಾನವಾಗಿ, ಮತ್ತು ಚುನಾವಣೆಗಳಲ್ಲಿ ಅಲ್ಲ. 2017ರ ಚುನಾವಣೆಯಲ್ಲಿ ಫಲಿತಾಂಶವನ್ನು ಗೌರವಿಸುತ್ತೇವೆಂದ ಎರಡು ದೊಡ್ಡ ಪಕ್ಷಗಳೇ ಸುಮಾರು ಶೇ 82 ಮತ ಬಾಚಿಕೊಂಡವು. 2019ರಲ್ಲಿ ನಿರ್ಗಮನವನ್ನೇ ರದ್ದು ಮಾಡಿರೆಂಬ ಇನ್ನೊಂದು ಮನವಿ 60 ಲಕ್ಷ ಸಹಿಗಳನ್ನು ದಾಟಿತು, ಅದೇ ಡಿಸೆಂಬರಿನಲ್ಲಿ ಬ್ರೆಕ್ಸಿಟ್ ಮುಗಿಸುತ್ತೇನೆಂದ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತಿನ 650ರಲ್ಲಿ 365 ಸ್ಥಾನ ಗೆದ್ದರು.

ವೇರ್‌ತೀರ:

ನಾನು 2018ರಲ್ಲಿ ಆ ಊರು ಬಿಟ್ಟೆ. ಮರುವರ್ಷದ ಕ್ರಿಸ್‌ಮಸ್ ಪತ್ರದಲ್ಲಿ ಮನೆಯೊಡತಿ ತಮ್ಮ ಮೊಣಕಾಲಿನ ಬಗ್ಗೆ ಎರಡು ಪುಟ, ಬ್ರೆಕ್ಸಿಟ್ ಬಗ್ಗೆ ಒಂದು ಸಾಲು ಬರೆದಿದ್ದರು: ಆ ಸುದ್ದಿ ಬಂದರೆ ಟಿವಿ ಆರಿಸಿಬಿಡುತ್ತೇನೆ ಎಂದು. ಸಹೋದ್ಯೋಗಿ ಆ ವರ್ಷವೇ ಕಾಯಂ ವಾಸದ ಹಕ್ಕಿಗೆ ಅರ್ಜಿ ಹಾಕಿದರು. ಸರ್ಕಾರದ ಆ್ಯಪ್ ಆಗ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಹದಿನಾಲ್ಕು ವರ್ಷ ತೆರಿಗೆ ಕಟ್ಟಿದ್ದ ಅವರು ಪಾಸ್‌ಪೋರ್ಟನ್ನು ಸ್ಕ್ಯಾನ್ ಮಾಡಲು ಪಕ್ಕದ ಮನೆಯವರ ಫೋನನ್ನು ಎರವಲು ಪಡೆಯಬೇಕಾಯಿತಂತೆ.