ಡಿಸ್ಚಾರ್ಜ್ ಆಗಿ ಇಪ್ಪತ್ತು ದಿನಕ್ಕೆ ಮತ್ತೆ ಅಡ್ಮಿಟ್: ತಿಳಿದವರು ಹೇಳಿ

ಕಾರವಾರದಿಂದ, 2021ರ ಜೂನ್

ತಮ್ಮನಿಗೆ ಬೈಪೋಲಾರ್ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಮನೋರೋಗ). ಹೋದ ವರ್ಷದ ಲಾಕ್‌ಡೌನಿನಿಂದ ಈಚೆಗೆ ಮೂರು ಸಲ ಅಡ್ಮಿಟ್ ಮಾಡಿ ಆಯಿತು. ಮನೆಗೆ ಬಂದು ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ನಿದ್ದೆ ಬಿಡುತ್ತಾನೆ, ಮತ್ತೆ ಅದೇ ರಗಳೆ. ಮದ್ದು: ಮನಸ್ಸಿನ ಏರಿಳಿತ ತಡೆಯಲು ದಿನಕ್ಕೆ ಲಿಥಿಯಂ 900 ಮಿ.ಗ್ರಾಂ, ಉನ್ಮಾದಕ್ಕೆ ರಾತ್ರಿ ಒಲಾಂಜಪಿನ್ 15 ಮಿ.ಗ್ರಾಂ. ನಾಲ್ಕನೇ ಸಲ ತಪ್ಪಿಸಬೇಕೆಂದರೆ ಏನೇನು ನೋಡಬೇಕು? ಧಾರವಾಡದ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಿಬರೋಣ ಅಂದರೆ ಈಗ ಬಸ್ಸೂ ಇಲ್ಲ.

ಶಿರಸಿ, ಮನೋರೋಗ ವಾರ್ಡಿನ ನರ್ಸ್

ಅಕ್ಕಾ, ಮೊದಲ ಪ್ರಶ್ನೆ: ತಮ್ಮ ಬೀಡಿ ಸೇದುತ್ತಾನಾ?

ವಾರ್ಡಿನಲ್ಲಿ ಬೀಡಿ ಸಿಗುವುದಿಲ್ಲ. ಕೊರೋನಾ ಬಂದ ಮೇಲೆ ನೋಡಲು ಬರುವವರನ್ನೂ ಒಳಗೆ ಬಿಡದ ಕಾರಣ ಕದ್ದು ತಂದುಕೊಡುವವರೂ ಇಲ್ಲ. ಹೊಗೆ ನಿಂತಿತು ಅಂದರೆ ಲಿವರ್ ಒಲಾಂಜಪಿನ್ ಅನ್ನು ಹೊರಹಾಕುವುದು ನಿಧಾನವಾಗುತ್ತದೆ, ರಕ್ತದಲ್ಲಿ ಮದ್ದು ಹೆಚ್ಚು ಉಳಿಯುತ್ತದೆ, 15ಕ್ಕೇ ಚೆನ್ನಾಗಿ ಮಲಗುತ್ತಾನೆ. ಡಾಕ್ಟರು ಅದೇ ಡೋಸ್ ಬರೆದು ಕಳಿಸುತ್ತಾರೆ. ಮನೆಗೆ ಬಂದು ಬೀಡಿ ಕಟ್ಟು ಬಿಚ್ಚಿದ ಅಂದರೆ ಒಂದೆರಡು ವಾರದಲ್ಲಿ ಅದೇ ಮಾತ್ರೆ ಸಾಲದೆ ಬರುತ್ತದೆ. ಮನೆಯವರು ‘ಮಾತ್ರೆ ಉಗುಳಿದ್ದಾನೆ’ ಅಂತ ಬಯ್ಯುತ್ತಾರೆ, ಅವನು ಪಾಪ ಒಂದೂ ತಪ್ಪಿಸಿರುವುದಿಲ್ಲ. ಇದನ್ನು ಮಾಡುವುದು ನಿಕೋಟಿನ್ ಅಲ್ಲ, ಹೊಗೆ. ಎಲೆಯಡಿಕೆ ಕವಳಕ್ಕೆ ಹಾಕುವ ತಂಬಾಕಿನಿಂದ ಹೀಗಾಗುವುದಿಲ್ಲ (ಬಾಯಿಯ ಗತಿ ಬೇರೆ ಮಾತು). ಡಿಸ್ಚಾರ್ಜಿನ ದಿನವೇ ‘ಊರಲ್ಲಿ ದಿನಕ್ಕೆ ಇಷ್ಟು ಬೀಡಿ ಸೇದುತ್ತಾನೆ’ ಎಂದು ಲೆಕ್ಕ ಹೇಳಿ. ಡೋಸ್ ಮಾತ್ರ ನೀವಾಗಿ ಏರಿಸಬೇಡಿ. ನಡುವೆ ಥಟ್ಟನೆ ಬೀಡಿ ಬಿಟ್ಟರೂ ತಿಳಿಸಬೇಕು, ಆಗ ಮಂಪರು ಹೆಚ್ಚುತ್ತದೆ.

ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ದಿನಾ ಎಷ್ಟು ತಾಸು ಮಲಗಿದ ಅಂತ ಬರೆಯಿರಿ. ಎರಡು ರಾತ್ರಿ ಸಾಲಾಗಿ ನಾಲ್ಕು ತಾಸಿಗಿಂತ ಕಡಿಮೆ, ಆದರೂ ದಣಿವಿಲ್ಲ ಅಂದರೆ ಮೂರನೆಯದಕ್ಕೆ ಕಾಯದೆ ಫೋನ್ ಮಾಡಿ.

ಕುಮಟಾ, ಔಷಧ ಅಂಗಡಿಯಿಂದ

ಲಿಥಿಯಂ ಚೀಟಿಯನ್ನೂ ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು ಓದಿ. 300ರದು ಸಾದಾ ಮಾತ್ರೆ, 400ರದು ನಿಧಾನವಾಗಿ ಬಿಡುವ ಎಸ್‌ಆರ್. ಲಾಕ್‌ಡೌನಿನಲ್ಲಿ ಸ್ಟಾಕ್ ಬರದಾಗ ಒಂದರ ಬದಲು ಇನ್ನೊಂದು ಕೊಟ್ಟುಬಿಡುತ್ತಾರೆ. ಮೂರು 300 ಅಂದರೆ 900. ಮೂರು 400 ಅಂದರೆ 1200, ಎರಡಾದರೆ 800. ಲಿಥಿಯಂನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಈಗಿನ ದೊಡ್ಡ ಅಪಾಯ ಜ್ವರ. ಕೊರೋನಾ ಇರಲಿ, ಮಳೆಗಾಲದ ಜ್ವರವೇ ಇರಲಿ, ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡ. ಅವು ಮೂತ್ರದಲ್ಲಿ ಲಿಥಿಯಂ ಹೋಗುವುದನ್ನು ತಡೆಯುತ್ತವೆ. ಪ್ಯಾರಾಸಿಟಮಾಲ್ ಆಗುತ್ತದೆ. ಜ್ವರದವರಿಗೆ ಅಂತ ಉಪ್ಪಿಲ್ಲದ ಗಂಜಿ ಕೊಡುವ ರೂಢಿ ಇದೆಯಲ್ಲ, ಅದೂ ಬೇಡ; ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಂದಿನಷ್ಟೇ ಉಪ್ಪು, ನೀರು ಧಾರಾಳ. ಮೈಯಲ್ಲಿ ಲಿಥಿಯಂ ಮಿತಿ ಮೀರಿದ್ದರ ಗುರುತುಗಳಾದ ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಲಿಥಿಯಂ ಮಟ್ಟ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ಮಾಡಿಸಿ. ‘ಕುಡಿದಿದ್ದಾನೆ’ ಅಂತ ಮಲಗಿಸಿಬಿಡುವುದೇ ಹೆಚ್ಚು.

ಅಂಕೋಲಾ, ಕೋವಿಡ್ ಕೇರ್ ಸೆಂಟರಿನಲ್ಲಿ ಕೆಲಸ

ಒಂದು ಸೇರಿಸುತ್ತೇನೆ. ಈ ಎರಡನೇ ಅಲೆಯಲ್ಲಿ ಆಕ್ಸಿಜನ್ ಬೇಡದವರಿಗೂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬರೆದ ಚೀಟಿಗಳು ತಿರುಗಾಡುತ್ತಿವೆ. ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಬೈಪೋಲಾರ್ ಇದ್ದವರಿಗೆ ಉನ್ಮಾದವನ್ನೇ ಎಬ್ಬಿಸಬಹುದು. ಪಾಸಿಟಿವ್ ಬಂದರೆ ಎರಡೂ ಕಡೆಯ ಡಾಕ್ಟರಿಗೆ ಇನ್ನೊಬ್ಬರ ಚೀಟಿ ತೋರಿಸಿ. ಕೊರೋನಾ ಅಂತ ಮನೋರೋಗದ ಮಾತ್ರೆ ನಿಲ್ಲಿಸುವುದು ಬೇಡ.

ಹೊನ್ನಾವರದಿಂದ

ಕಾನೂನಿನ ಕಡೆ. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗಿ ತಾನೇ ಒಪ್ಪಿ ಸೇರಿದರೆ 86ನೇ ಕಲಂ. ಒಪ್ಪುವ ಸ್ಥಿತಿಯಲ್ಲಿಲ್ಲದಿದ್ದರೆ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿ ತನ್ನ ಪರವಾಗಿ ಹೆಸರಿಸಿದವರ) ಅರ್ಜಿಯ ಮೇಲೆ 89, ಹೆಚ್ಚೆಂದರೆ 30 ದಿನ. ಹಾಗೆ ಸೇರಿದ್ದವನು ಡಿಸ್ಚಾರ್ಜ್ ಆಗಿ ಏಳು ದಿನದೊಳಗೆ ಮತ್ತೆ ಸೇರಬೇಕಾದರೆ ಅದು 90ಕ್ಕೆ ಹೋಗುತ್ತದೆ: ಇಬ್ಬರು ಮನೋವೈದ್ಯರು ಬೇರೆ ಬೇರೆಯಾಗಿ ನೋಡಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ನಿದ್ದೆ ಕೆಟ್ಟ ಎರಡನೇ ದಿನವೇ ಕರೆದುಕೊಂಡು ಹೋದರೆ ಅವನೇ ಸಹಿ ಹಾಕಿ ಸೇರಿಕೊಳ್ಳುವಷ್ಟು ತಿಳಿವಿರುತ್ತದೆ, ಹಗ್ಗ, ಜೀಪು ಯಾವುದೂ ಬೇಡ.

ಪ್ರತಿನಿಧಿ ಯಾರೆಂದು ತಮ್ಮ ಸಮಾಧಾನದಲ್ಲಿರುವಾಗಲೇ ಬರೆಸಿಡಿ. ಬಿಳಿ ಹಾಳೆ ಸಾಕು, ಸಹಿ ಅಥವಾ ಹೆಬ್ಬೆಟ್ಟು. ಡಿಸ್ಚಾರ್ಜ್ ಸಾರಾಂಶದ ಫೋಟೋ ಮೊಬೈಲಿನಲ್ಲಿರಲಿ. ಧಾರವಾಡದ ದಾರಿಯ ಅರಬೈಲ್ ಘಾಟಿಯಲ್ಲಿ ತಡೆದರೂ, ಗಡಿಯ ಮಾಜಾಳಿ ದಾಟಿ ಗೋವಾದ ಬಾಂಬೋಲಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ, ರಾತ್ರಿ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಅದೇ.

ಶಿರಸಿ, ನರ್ಸ್

ತಿಂಗಳು ತಿಂಗಳು ಘಟ್ಟ ಹತ್ತುವ ಅಗತ್ಯ ಇಲ್ಲ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಹಳೆ ರೋಗಿಯನ್ನು ವಿಡಿಯೋದಲ್ಲಿ ನೋಡಿ ಅದೇ ಮದ್ದು ಮುಂದುವರಿಸಿ ಬರೆಯಬಹುದು. ರಕ್ತಪರೀಕ್ಷೆ, ಮಾತ್ರೆ ಕಾರವಾರದಲ್ಲೇ ಆಗುತ್ತದೆ. ಹದಿನೈದು ದಿನದ ಮದ್ದು ಯಾವಾಗಲೂ ಮುಂದಿರಲಿ.

ಕಾರವಾರದಿಂದ (ಕೇಳಿದವರು)

ಬೀಡಿ ಹೌದು, ದಿನಕ್ಕೆ ಎರಡು ಕಟ್ಟು. ವಾರ್ಡಿನಲ್ಲಿ ಯಾರೂ ಕೇಳಿಲ್ಲ, ನಾವೂ ಹೇಳಿಲ್ಲ. ಡಬ್ಬಿ ತೆಗೆದು ನೋಡಿದೆ: ಚೀಟಿಯಲ್ಲಿ 300 ಮೂರು, ಒಳಗೆ 400 ಎಸ್‌ಆರ್ ಎರಡು. ನಾಳೆ ಲಿಥಿಯಂ ಲೆವೆಲ್ ಮಾಡಿಸಬಹುದಾ?

ಕುಮಟಾ, ಔಷಧ ಅಂಗಡಿಯಿಂದ

ಚೀಟಿ, ಡಬ್ಬಿ ಎರಡರದೂ ಫೋಟೋ ಇವತ್ತೇ ಡಾಕ್ಟರಿಗೆ ಕಳಿಸಿ, ನೀವಾಗಿ ಬದಲಿಸಬೇಡಿ. ಈ 800 ಒಂದು ವಾರದಿಂದ ನಡೆಯುತ್ತಿದ್ದರೆ ನಾಳೆಯೇ ಮಾಡಿಸಿ. ಡೋಸ್ ಬದಲಾದರೆ ಆಮೇಲೆ ಐದಾರು ದಿನ ಬಿಟ್ಟು ಮತ್ತೊಮ್ಮೆ. ಕೊನೆಯ ಮಾತ್ರೆ ರಾತ್ರಿ ಒಂಬತ್ತಕ್ಕಾದರೆ ರಕ್ತ ಬೆಳಿಗ್ಗೆ ಒಂಬತ್ತಕ್ಕೆ, ಸರಿಯಾಗಿ ಹನ್ನೆರಡು ತಾಸು. ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಲೆವೆಲ್ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಲ್ಯಾಬಿನವರು ಹಸಿರು ಮುಚ್ಚಳದ ಟ್ಯೂಬ್ ತೆಗೆದರೆ ಬೇಡ ಅನ್ನಿ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಹಾಕುವ ಲಿಥಿಯಂ ಹೆಪಾರಿನ್ ಇದ್ದರೆ ಲೆಕ್ಕ ಸುಳ್ಳೇ ಹೆಚ್ಚು ಬರುತ್ತದೆ. ಕೆಂಪು ಮುಚ್ಚಳದ್ದು ಕೇಳಿ.