ಅಪ್ಪನನ್ನು ಜೆರಿಯಾಟ್ರಿಕ್ (ವಯಸ್ಸಾದವರನ್ನು ನೋಡುವ) ಡಾಕ್ಟರಿಗೆ ತೋರಿಸಬೇಕಾ?

ಹಾಸನದವಳು:
ಅಪ್ಪನಿಗೆ 81. ಬಿಪಿ, ಶುಗರ್, ಪ್ರಾಸ್ಟೇಟ್, ಮಂಡಿನೋವು, ನಿದ್ರೆ ಅಂತ ನಾಲ್ಕು ಡಾಕ್ಟರು ಬರೆದುಕೊಟ್ಟ 11 ಮಾತ್ರೆ ದಿನಾ ನುಂಗುತ್ತಾರೆ. ಯುಗಾದಿಯಿಂದೀಚೆಗೆ ಎರಡು ಸಲ ಬಿದ್ದರು, ಎರಡೂ ಸಲ ರಾತ್ರಿ ಬಚ್ಚಲಿಗೆ ಅಂತ ಎದ್ದಾಗ. ಮೂಳೆ ಮುರಿದಿಲ್ಲ, ಪುಣ್ಯ. ಆದರೆ ಅಂಗಿ ಜೋತು ಬೀಳುತ್ತಿದೆ, ಊಟ ಅರ್ಧಕ್ಕೇ ಬಿಡುತ್ತಾರೆ, ಬೆಳಗಿನ ಪೇಪರ್ ಮಡಿಸಿದ ಹಾಗೇ ಬಿದ್ದಿರುತ್ತದೆ. ಯಾರನ್ನು ಕೇಳಿದರೂ "ವಯಸ್ಸಾಯ್ತಲ್ಲಮ್ಮ" ಅನ್ನುತ್ತಾರೆ. ಇದು ಬರೀ ವಯಸ್ಸಾ?

ಮೆಡಿಸಿನ್ ಡಾಕ್ಟರ್, ಮೈಸೂರು:
ಅಲ್ಲ. 85ರಲ್ಲೂ ಒಂದೇ ಬಿಪಿ ಮಾತ್ರೆ ತಗೊಂಡು ತೋಟ ಸುತ್ತಿ ಬರುವವರಿಗೆ ನನ್ನಂಥವನೇ ಸಾಕು. ನಿಮ್ಮಪ್ಪನಿಗೆ ಬೀಳುವುದು, ಸೊರಗುವುದು, ಮಂಕಾಗುವುದು ಮೂರೂ ಒಟ್ಟಿಗೆ ಬಂದಿವೆ, ಇದರಲ್ಲಿ ಯಾವುದು ಕಾಯಿಲೆ ಯಾವುದು ಮಾತ್ರೆಯ ಕೆಲಸ ಅಂತ ಸಿಕ್ಕು ಬಿಡಿಸಿ ನೋಡುವವರು ಬೇಕು. ಜೆರಿಯಾಟ್ರಿಕ್ಸ್ ಅಂದರೆ ಅದೇ. ನನ್ನ ಮೊದಲ ಅನುಮಾನ ಮಾತ್ರೆಗಳ ಮೇಲೆ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿ ಮಾತ್ರೆ, ನಿದ್ರೆ ಮಾತ್ರೆ ಸೇರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಆಮೇಲೆ ಒಬ್ಬರು ಹಿಡಿದು ನಿಲ್ಲಿಸಿ, ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೆ ಹೇಳಿ. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ನಿದ್ರೆ ಮಾತ್ರೆಯನ್ನಂತೂ ಥಟ್ಟನೆ ಬಿಡಿಸಲೇಬಾರದು.

ಅತ್ತೆಯನ್ನು ನೋಡಿಕೊಂಡವಳು:
ನಮ್ಮತ್ತೆ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ನನ್ನ ಗುರುತೇ ಹಿಡಿಯಲಿಲ್ಲ. ರಾತ್ರಿಯೆಲ್ಲಾ ಯಾರೋ ಬಂದಿದ್ದಾರೆ ಅಂತ ಗೋಡೆ ಜೊತೆ ಮಾತು, ಬೆಳಗ್ಗೆ ಸ್ವಲ್ಪ ಸರಿ, ಸಂಜೆ ಮತ್ತೆ ಅದೇ. ಮರೆವಿನ ಕಾಯಿಲೆ ಅಂದುಕೊಂಡು ಎರಡು ದಿನ ಸುಮ್ನೆ ಕೂತೆವು, ಈಗಲೂ ಹೊಟ್ಟೆ ಉರಿಯುತ್ತದೆ. ನೋಡಿದರೆ ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ತೀರಾ ಇಳಿದು 118. ಜ್ವರವೇ ಇರಲಿಲ್ಲ. ಮರೆವಿನ ಕಾಯಿಲೆ ಮೆಲ್ಲಗೆ ಬರುತ್ತದೆ. ಒಂದೆರಡು ದಿನದಲ್ಲಿ ಮಾತು ಅಡ್ಡಾದಿಡ್ಡಿಯಾದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಎಮರ್ಜೆನ್ಸಿಗೇ ಕರೆದುಕೊಂಡು ಹೋಗಿ.

ಹಾಸನದವಳು:
ಈಗ ನೋಡಿದೆ. ಮಲಗಿದಾಗ 138, ನಿಂತು ಮೂರು ನಿಮಿಷಕ್ಕೆ 104!

ಮೆಡಿಸಿನ್ ಡಾಕ್ಟರ್, ಮೈಸೂರು:
ಗಾಬರಿ ಬೇಡ, ಒಂದು ಎಳೆ ಸಿಕ್ಕಿತು. ನಾಳೆಯೇ ಈಗಿನ ಡಾಕ್ಟರಿಗೆ ಈ ಅಂಕಿ ತೋರಿಸಿ, ಜೆರಿಯಾಟ್ರಿಕ್ಸ್‌ಗೆ ಚೀಟಿ ಕೇಳಿ. ಹತ್ತಿರ ಎಲ್ಲಿದೆ ಅಂತ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಮನೆಯಲ್ಲಿರುವ ಎಲ್ಲಾ ಮಾತ್ರೆ, ಚೂರ್ಣ, ಕಷಾಯ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಇವತ್ತು ರಾತ್ರಿ ಮಂಚದ ಪಕ್ಕದಲ್ಲೇ ಯೂರಿನ್ ಕ್ಯಾನ್ ಇಡಿ.

ಹಾಸನದವಳು:
ಚೀಲ ತುಂಬಿದೆ. ದಿಂಬಿನ ಕೆಳಗೆ ಮೆಡಿಕಲ್ ಶಾಪಿಂದ ಅವರೇ ತಂದುಕೊಂಡ ನೋವಿನ ಮಾತ್ರೆಯೂ ಸಿಕ್ಕಿತು. ಅದು 12ನೆಯದು.