ಅಪ್‌ಡೇಟ್: ವೀಣೆ ಗವಸಿನಿಂದ ಹೊರಬಂತು

ಎರಡು ವರ್ಷದಿಂದ ವೀಣೆ ಗವಸಿನೊಳಗೇ ಇದೆ, ಅಭ್ಯಾಸಕ್ಕೆ ಕೂರುವುದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? ಈಗ 18 ದಿನದಿಂದ ದಿನಾ ನುಡಿಸುತ್ತಿದ್ದೇನೆ!

ಬೆಳಗ್ಗೆ 5ಕ್ಕೆ ಏಳುವ ಸಲಹೆ ನನಗೆ ಒಗ್ಗಲಿಲ್ಲ. ಮೊಬೈಲ್ ರಿಮೈಂಡರ್ ಕೂಡ ಅಷ್ಟೇ. ಫಲ ಕೊಟ್ಟಿದ್ದು ‘ಗವಸು ತೆಗೆದು ಹಾಲ್‌ನಲ್ಲಿ ಚಾಪೆ ಮೇಲಿಡಿ, ಒಂದೇ ಒಂದು ಸರಳೆ ವರಸೆ ನುಡಿಸಿ ಏಳಿ’ ಅನ್ನುವ ಮಾತು (ಸರಳೆ ವರಸೆ ಅಂದರೆ ಕರ್ನಾಟಕ ಸಂಗೀತದ ಮೊದಮೊದಲ ಸ್ವರ ಪಾಠ). ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಒಂದು ಅಂತ ಕೂತರೆ ಅರ್ಧ ಗಂಟೆ ಆಗಿರುತ್ತದೆ.

ಏಳೂ ತಂತಿ ಶ್ರುತಿ ಮಾಡಿಯೇ ಶುರು ಮಾಡಬೇಕು ಅಂತ ನಾನೇ ಹಾಕಿಕೊಂಡ ನಿಯಮವೇ ದೊಡ್ಡ ಅಡ್ಡಿ ಅಂತ ಆಮೇಲೆ ಗೊತ್ತಾಯಿತು. ಈಗ ಸಾರಣಿ, ಪಂಚಮ ಅನ್ನುವ ಎರಡು ಮುಖ್ಯ ತಂತಿಗಳನ್ನು ಮೊದಲು ನೋಡಿಕೊಳ್ಳುತ್ತೇನೆ. ಉಳಿದ ತಂತಿಗಳು ಭಾನುವಾರ, ಪುರುಸೊತ್ತಾಗಿ.

ಇವತ್ತು ಮಾಯಾಮಾಳವಗೌಳ ರಾಗದ ಎಂಟನೇ ಸರಳೆ ವರಸೆ ಎರಡನೇ ಕಾಲದಲ್ಲಿ (ಅಂದರೆ ದುಪ್ಪಟ್ಟು ವೇಗದಲ್ಲಿ) ತಪ್ಪಿಲ್ಲದೆ ಬಂತು.